ಬೀಗತಿಗಾಗಿ ಹಚ್ಚಿದ ಹಿತ್ತಲ

ನಮ್ಮತ್ತಿ ಸೊಳ್ಳಿ ಮ್ಯಾಲೆ ಯುದ್ಧ ಸಾರಿದ್ದು ಸೊಳ್ಳಿ ಕಡೀತಾವ ಅಂತ ಅಲ್ಲ. ಕಾಲುವಿ ಬಂದಾಗಿಂದ ಅವು ಆಕಿನ್ನ ಕಡಕೋತ ಬಂದಿದ್ವು, ಆಕಿ ಕಡಿಸಿಕೋತ ಬಂದಿದ್ಲು. ಎರಡೂ ಕಡಿ ತಕರಾರು ಇರಲಿಲ್ಲ. ಯುದ್ಧ ಸುರು ಆಗಿದ್ದು ನಮ್ಮವ್ವ ಆಡಿದ ಒಂದು ಮಾತಿಗೆ. ಇಬ್ಬರು ಬೀಗತಿಯರ ಜಿದ್ದಿನ ನಡುವ ಸೊಳ್ಳಿ ಸುಮ್ಮನ ಸಿಕ್ಕೊಂಡ್ವು, ಪಾಪ.

ನನ್ನ ತವರುಮನಿ ದೇವದುರ್ಗ, ಗಂಡನ ಮನಿ ಮಾನ್ವಿ. ಎರಡೂ ರಾಯಚೂರು ಜಿಲ್ಲಾದಾಗಿನ ಊರ ಖರೇ, ಆದ್ರ ನಾ ಮದುವಿ ಆಗಿ ಹೋದ ಎಂಬತ್ತರ ಸುರುವಾತಿನಾಗ ದೇವದುರ್ಗದ ಕಡಿ ಕಾಲುವಿ ಬಂದಿರಲಿಲ್ಲ. ಜ್ವಾಳ, ಸಜ್ಜಿ, ಶೇಂಗಾ, ಮ್ಯಾಲೆ ಸುಡೋ ಬಿಸಲು. ಅಲ್ಲಿ ಸೊಳ್ಳಿ ಇರಲೇ ಇಲ್ಲ ಅಂತ ಹೇಳಂಗಿಲ್ಲ. ಮಳಿ ಬಿದ್ದಾಗ ನಾಕು ದಿನ ನೆಂಟರ ಹಂಗ ಬಂದು ಹೋಗ್ತಿದ್ವು. ಮಾನ್ವಿದಾಗ ಅವು ಮನಿಮಂದಿ. ತುಂಗಭದ್ರಾ ಕಾಲುವಿ ಬಂದು, ನೆಲ್ಲಿನ ಗದ್ದಿ ಆಗಿ, ಊರ ಸುತ್ತ ಎಲ್ಲಿ ನೋಡಿದ್ರೂ ನೀರು ನಿಂತಿರ್ತಿತ್ತು. ಊರ ಮಂದಿಗೆ ಅನ್ನ ಸಿಕ್ಕಿತು, ಸೊಳ್ಳಿಗೆ ಊರ ಮಂದಿ ಸಿಕ್ಕರು.

ಮದುವಿ ಆಗಿ ಹೋದ ಮರುದಿನ ಮುಂಜಾನಿ ಕನ್ನಡಿ ನೋಡಕೊಂಡ್ರ ನನ್ನ ಮುಖ ನನಗೇ ಗುರುತು ಹತ್ತಲಿಲ್ಲ. ತುಟಿ ಒಂದು ಕಡಿ, ಕಣ್ಣು ಒಂದು ಕಡಿ ಬಾತಿತ್ತು. ಮದುಮಗಳನ್ನ ನೋಡಾಕ ಬಂದ ಓಣಿ ಹೆಂಗಸರು, “ಫೋಟೋದಾಗ ಸಣ್ಣ ಮುಖದಾಕಿ ಇದ್ದಳಲ್ಲ, ಬ್ಯಾರೆ ಹುಡುಗಿನ್ನ ಕೊಟ್ಟು ಕಳಿಸ್ಯಾರೇನು?” ಅಂತ ಕಿವ್ಯಾಗ ಕಿವ್ಯಾಗ ಮಾತಾಡಿದ್ರು. ನಮ್ಮತ್ತಿ ಅಡಿಗಿ ಮನಿಯಿಂದಾನ ಜೋರಾಗಿ, “ಹೊಸಾ ರಕ್ತ ಅಲ್ಲೇನ್ರಿ, ರುಚಿ ನೋಡಾಕತ್ತಾವ. ನಾಕು ದಿನ ಆದ್ರ ಅವಕ್ಕೂ ಬ್ಯಾಸರ ಬರ್ತದ” ಅಂದ್ಲು. ನಾ ಬಸರಾಗಿ ತವರಿಗೆ ಹೋಗೋತನ ಅವಕ್ಕ ಬ್ಯಾಸರ ಬರಲಿಲ್ಲ.

ನಮ್ಮತ್ತಿ ನೆಲ್ಲು ನಾಟಿ ಹಚ್ಚೋ ಹೆಂಗಸರ ಗುಂಪಿಗೆ ಮುಂದಾಳು. ಸಣ್ಣ ಆಳು, ಕಟ್ಟಿಗಿಯಂಥ ಕೈಕಾಲು, ದನಿ ಮಾತ್ರ ಕಾಲುವಿ ಆಚಿ ದಂಡಿಗೆ ಕೇಳಸ್ತಿತ್ತು. ನಮ್ಮ ಮಾವ ನಾ ಬರೋದಕ್ಕಿಂತ ಭಾಳ ಮೊದಲ ತೀರಿಹೋಗಿದ್ರು. ಇದ್ದ ಒಬ್ಬ ಮಗನ್ನ ಕೂಲಿ ಮಾಡಿ ಓದಿಸಿ, ಕಲ್ಲೂರಿನ ಸಾಲಿಗೆ ಮಾಸ್ತರ ಆಗೋತನ ಆಕಿ ಬಿಟ್ಟಿರಲಿಲ್ಲ. ಮಾಸ್ತರ ಆದ ಮಗ, “ಇನ್ನ ಗದ್ದಿಗೆ ಹೋಗಬ್ಯಾಡವಾ” ಅಂದ್ರ, “ನೀ ಸಾಲಿ ಬಿಡು, ನಾ ಗದ್ದಿ ಬಿಡ್ತೀನಿ” ಅಂತಿದ್ಲು. ಮಲೇರಿಯಾದವರು ಬಂದು ಗ್ವಾಡಿಗೆ ಔಷಧ ಹೊಡದು, ಬಾಗಿಲ ಮ್ಯಾಲೆ ಏನೋ ಬರದು ಹೋದ್ರ, ಈಕಿ ಮರುದಿನಾನ ಅದರ ಮ್ಯಾಲೆ ಚಂದಂಗ ಸೆಗಣಿ ಸಾರಿಸಿ, “ಎಂಥಾ ಹೊಲಸು ನಾತ ಬಿಟ್ಟು ಹೋಗ್ಯಾರ ನೋಡು” ಅಂತ ಅವರನ್ನ ಬೈತಿದ್ಲು.

ನಮ್ಮವ್ವ ಬ್ಯಾರೆ ಥರದಾಕಿ. ಆಕಿನೂ ಹೊಲದಾಗ ದುಡದಾಕಿನ, ಆದ್ರ ಮಾತು ಕಮ್ಮಿ. ಆಡಿದ್ರ ಕಡ್ಡಿ ಮುರದಂಗ ಆಡತಿದ್ಲು, ಮುರದ ಮ್ಯಾಲೆ ಜೋಡಸಾಕ ಯಾರಿಗೂ ಬರ್ತಿರಲಿಲ್ಲ. ನಮ್ಮಪ್ಪ ಅದನ್ನ ಭಾಳ ಹಿಂದನ ತಿಳಕೊಂಡು ಎಲ್ಲಾದಕ್ಕೂ ಹೂಂ ಅನ್ನೋದು ರೂಢಿ ಮಾಡಿಕೊಂಡಿದ್ದ.

ಕುಬಸ ಮಾಡಿ ನನ್ನ ಬಾಣಂತನಕ್ಕ ದೇವದುರ್ಗಕ್ಕ ಕರಕೊಂಡು ಬಂದ್ರು. ಸಂಕ್ರಾಂತಿ ಆದ ಮ್ಯಾಲೆ ಹೆಣ್ಣುಕೂಸು ಹುಟ್ಟಿತು. ತೊಟ್ಟಿಲಿಗೆ ಹಾಕೋ ದಿನ ನಮ್ಮತ್ತಿ ಕೂಸಿನ ತಲಿಗೆ ಕುಂಚಿಗಿ, ಕೈಗೆ ಬಳಿ ಕಟ್ಟಿಕೊಂಡು ಬಂದ್ಲು. ಬಂದಾಕಿ ಕೂಸನ್ನ ತೊಡಿ ಮ್ಯಾಲೆ ಹಾಕ್ಕೊಂಡು ಕುಂತ್ಲು, ಊಟಕ್ಕ ಎಬ್ಬಿಸಿದ್ರೂ ಏಳಲಿಲ್ಲ. “ನೀವು ಉಣ್ರಿ, ನಂಗ ಇಲ್ಲೇ ಹೊಟ್ಟಿ ತುಂಬ್ಯಾದ” ಅಂದ್ಲು. ಅಷ್ಟು ದೊಡ್ಡ ದನಿ ಇರೋಳು ಕೂಸಿನ ಕಿವ್ಯಾಗ ಅಷ್ಟು ಸಣ್ಣಗ ಮಾತಾಡ್ತಾಳ ಅಂತ ನನಗ ಗೊತ್ತಿರಲಿಲ್ಲ.

ಸಂಜಿ ಹೊಂಡೋ ಮುಂದ, “ಐದು ತಿಂಗಳಿಗೆ ಕರಿಯಾಕ ಬರ್ತೀನ್ರಿ ಬೀಗತಿ” ಅಂದ್ಲು.

ನಮ್ಮವ್ವ ಎಲಿ ಅಡಿಕಿ ತಾಟು ಮುಂದಕ್ಕ ಸರಿಸಿ, “ನಿಮ್ಮ ಮನಿ ಸೊಳ್ಳಿ ಓಡಿಸಿದ ದಿನ ಬರ್ರಿ. ಸೊಳ್ಳಿ ಇರೋ ಮನಿಗೆ ನಾ ಕೂಸು ಕಳಸಂಗಿಲ್ಲ” ಅಂದ್ಲು.

ಪಡಸಾಲಿ ತುಂಬ ಕುಂತಿದ್ದ ಹೆಂಗಸರು ಗೊಳ್ಳಂತ ನಕ್ಕರು. ಬೀಗತಿ ಬೀಗತಿ ಕಾಲೆಳೆಯೋದು ನಮ್ಮ ಕಡಿ ರಿವಾಜು. ಹಾಡಿನಾಗ ಬೈತಾರ, ಊಟದ ಪಂಕ್ತಿಯಾಗ ಬೈತಾರ, ಬೈಲಿಲ್ಲಂದ್ರ ಸಿಟ್ಟಾಗ್ಯಾರ ಅಂತ ಅರ್ಥ. ನಮ್ಮತ್ತಿನೂ ನಕ್ಕೋತ ನಮ್ಮವ್ವನ ಮುಖ ನೋಡಿದ್ಲು. ಅಲ್ಲಿ ನಗಿ ಇರಲಿಲ್ಲ. ಈಕಿ ನಗಿನೂ ಅಲ್ಲೇ ನಿಂತಿತು.

“ಆತು” ಅಂದ್ಲು ನಮ್ಮತ್ತಿ. “ಓಡಸ್ತೀನಿ. ಕಾಲುವಿ ಒಣಗಿದಾಗ ಬಂದು ನೋಡಬ್ಯಾಡ್ರಿ, ಆಮ್ಯಾಲೆ ಮೋಸ ಮಾಡಿದ್ಲು ಅಂದೀರಿ. ಕಾಲುವಿಗೆ ನೀರು ಬಿಟ್ಟ ಮ್ಯಾಲೆ, ಶ್ರಾವಣದಾಗ ಬರ್ರಿ. ನಮ್ಮ ಅಂಗಳದಾಗ ಒಂದು ಸಂಜಿ ಕೂಸಿನ್ನ ಹಾಕ್ಕೊಂಡು ಕುಂಡ್ರಿ. ಒಂದು ಸೊಳ್ಳಿ ಕೂಸಿಗೆ ಕಡೀತಂದ್ರ ಮರುದಿನ ಮುಂಜಾನಿ ಬಸ್ಸಿಗೆ ವಾಪಸ್ ಕರಕೊಂಡು ಹೋಗ್ರಿ. ಕಡೀಲಿಲ್ಲಂದ್ರ ಕೂಸು ನಮ್ಮದು.”

“ಆತು” ಅಂದ್ಲು ನಮ್ಮವ್ವನೂ. ಕೂಸು ಹಡದಾಕಿ ನಾನು ಅನ್ನೋದು ಇಬ್ಬರಿಗೂ ನೆನಪಿರಲಿಲ್ಲ. ನನ್ನ ಕೇಳೋ ಪೈಕಿನ ಯಾರೂ ಇರಲಿಲ್ಲ.

ಮುಂದ ಮಾನ್ವಿಯಾಗ ನಡದ ಬಂದೋಬಸ್ತು ನನಗ ಗೊತ್ತಾಗ್ತಿದ್ದು ನಮ್ಮ ಮನಿಯವರ ಬಾಯಿಂದ. ಅವರು ಸೂಟಿ ಸಿಕ್ಕಾಗ ರಾಯಚೂರಿನಾಗ ಬಸ್ ಬದಲಿಸಿ, ಗಬ್ಬೂರಿನ ಧೂಳು ಮೈ ತುಂಬ ಹೊತ್ಕೊಂಡು ದೇವದುರ್ಗಕ್ಕ ಬರ್ತಿದ್ರು. ಹೆಂಡತಿ ಕೂಡ ನಾಕು ಪ್ರೀತಿ ಮಾತು ಆಡಾಕ ಬಂದ ಮನುಷ್ಯ, ಕುಂತ ಕೂಡಲೇ ಪುದೀನದ ಕಥಿ ಸುರು ಮಾಡ್ತಿದ್ರು.

ನಮ್ಮತ್ತಿ ಕಂಡಕಂಡವರನ್ನ ಕೇಳಿ, ಸೊಳ್ಳಿಗೆ ಆಗಲಾರದ ಗಿಡ ಯಾವ್ಯಾವು ಅಂತ ತಿಳಕೊಂಡಿದ್ಲಂತ. ಕಾಲುವಿ ಮ್ಯಾಲಿನ ಕ್ಯಾಂಪಿನಾಗ ಆಂಧ್ರದಿಂದ ಬಂದು ನೆಲ್ಲು ಬೆಳೆಯೋರು ಇದ್ರಲ್ಲ, ಅಲ್ಲಿನ ಒಬ್ಬ ಹೆಣ್ಣಮಗಳು ಲಕ್ಕಿ ಗಿಡ ತೋರಿಸಿ, ಇದರ ಎಲಿ ಹೊಗಿ ಹಾಕಿದ್ರ ಸೊಳ್ಳಿ ನಿಂದ್ರಂಗಿಲ್ಲ ಅಂದ್ಲು, ಕೈಗೆ ಒಂದು ಹಿಡಿ ಪುದೀನದ ಬೇರೂ ಕೊಟ್ಟಳು. ಬಳಿ ತೊಡಸಾಕ ಬರೋ ಖಾಲಾ, ಶರಬತ್ತಿಗೆ ಹಾಕೋ ಸಬ್ಜಾ ಬೀಜ ಅದಾವಲ್ಲ, ಆ ಕಾಮಕಸ್ತೂರಿ ಗಿಡ ಕಿಟಕಿ ಮುಂದ ಹಚ್ಚು ಅಂತ ಬೀಜ ತಂದುಕೊಟ್ಟಳು. ಚೆಂಡುಹೂವಿನ ಬೀಜಕ್ಕ ನಮ್ಮತ್ತಿ ನೀರಮಾನ್ವಿ ಯಲ್ಲಮ್ಮನ ಗುಡಿಗೆ ಹೋಗಿ, ತಾಯಿ ಕೊರಳಿಂದ ಇಳಿಸಿದ ಒಣ ಮಾಲಿ ಬೇಡಿ ತಂದ್ಲು. ಅಂಗಡಿ ಬೀಜಕ್ಕಿಂತ ಇದರಾಗ ಶಕ್ತಿ ಹೆಚ್ಚು ಅಂತ ಆಕಿ ಲೆಕ್ಕ. ರಾಯಚೂರು ಬಜಾರದಿಂದ ದವನದ ಗಿಡಾನೂ ಬಂತು, ಬಂದ ವಾರದಾಗ ಬಿಸಲಿಗೆ ಸುಟ್ಟುಹೋತು. “ಮೆತ್ತನ ಗಿಡ, ನಮ್ಮ ಮನಿಗೆ ಒಗ್ಗಂಗಿಲ್ಲ” ಅಂತ ಅದರ ಕಥಿ ಅಲ್ಲಿಗೇ ಮುಗಿಸಿದ್ಲು.

ಮಜ್ಜಿಗಿ ಹುಲ್ಲಿಂದು ದೊಡ್ಡ ಫಜೀತಿ ಆತು. ಯಾರೋ ಹೇಳಿದ್ರಂತ ನಮ್ಮ ಮನಿಯವರು ರಾಯಚೂರಿನ ಒಂದು ನರ್ಸರಿಯಿಂದ ಅದರ ಬೇರುಬುಡ ತಂದು ಅವ್ವನ ಮುಂದ ಇಟ್ಟರು. ಆಕಿ ಅದನ್ನೂ ನೋಡಿದ್ಲು, ಮಗನ್ನೂ ನೋಡಿದ್ಲು. “ಅಲ್ಲೋ ಮಾಸ್ತರ, ಹುಟ್ಟಿದಾಗಿಂದ ಗದ್ಯಾಗ ಹುಲ್ಲು ಕಿತ್ತು ಕಿತ್ತು ನನ್ನ ಬೆನ್ನು ಬಾಗ್ಯಾದ. ನೀ ರಾಯಚೂರಿಗೆ ಹೋಗಿ ಹುಲ್ಲು ತಂದೀಯಲ್ಲ, ಇಷ್ಟು ಓದಿಸಿದ್ದು ಇದಕ್ಕೇನು?” ಅಂದ್ಲಂತ. ಅವರು ಒಂದು ಎಲಿ ಹರದು, ಅಂಗೈಯಾಗ ತಿಕ್ಕಿ ಆಕಿ ಮೂಗಿಗೆ ಹಿಡದ್ರು. ನಿಂಬಿಹಣ್ಣಿನ ವಾಸನಿ ಬಂತು. “ಹೌದಲ್ಲೋ” ಅಂದಾಕಿನ ಗುದ್ದಲಿ ಎತ್ತಿಕೊಂಡು ಹೊಂಟಳು.

ಇದೆಲ್ಲಾ ಮಾಡಿದ್ರೂ ಒಂದು ತೊಡಕು ಇತ್ತು. ದೀಪ ಹಚ್ಚಿದ ಮ್ಯಾಲೆ ಗಿಡ ಮುಟ್ಟಬಾರದು, ಅವು ಮಲಗಿರ್ತಾವ ಅಂತ ನಮ್ಮತ್ತಿ ಕಟ್ಟುನಿಟ್ಟು. ಸೊಳ್ಳಿ ಏಳೋದು ಗಿಡ ಮಲಗಿದ ಮ್ಯಾಲೆನ. ಹಂಗಾಗಿ ಹೊಗಿಗೆ ಬೇಕಾದ ಎಲಿ ಹೊತ್ತು ಮುಳಗೋದ್ರೊಳಗ ಹರದಿಡಬೇಕಿತ್ತು. ಗದ್ದಿಯಿಂದ ಬರೋದು ತಡ ಆದ್ರ, ಆಕಿ ಹಿತ್ತಲದ ಮುಂದ ಸೊಂಟದ ಮ್ಯಾಲೆ ಕೈ ಇಟ್ಕೊಂಡು, ಸೊಳ್ಳಿ ಕಡಿಸಿಕೋತ, ಮಲಗಿದ ಗಿಡ ನೋಡಕೋತ ನಿಂದ್ರತಿದ್ಲಂತ.

ಬ್ಯಾಸಗಿಯಾಗ ಕಾಲುವಿ ಬಂದ್ ಆತು. ಬಾವಿಯಿಂದ ತಲಿ ಮ್ಯಾಲೆ ನೀರು ಹೊತ್ತು ಗಿಡ ಉಳಿಸಿದ್ಲು. ಸಂಜಿ ಆತಂದ್ರ ಕುಬಸದ ತೋಳು ಮ್ಯಾಲಕ್ಕ ಮಡಚಿ, ಗಿಡದ ನಡುವ ಕುಂತು ತನ್ನ ಮ್ಯಾಲೆನ ಪರೀಕ್ಷಾ ಮಾಡಿಕೊಳ್ತಿದ್ಲು. ಕಡೀಲಿಲ್ಲಂದ್ರ ಗಿಡದ ಗುಣ. ಕಡದ್ರ, “ಇದು ನಮ್ಮ ಓಣಿದಲ್ಲ, ಪರ ಊರಿಂದ ಬಂದದ್ದು” ಅಂತಿದ್ಲು. ಇದನ್ನ ನಮ್ಮ ಮನಿಯವರು ಅವ್ವನ ದನಿ ತಗದು ಹೇಳಿದ್ರ, ನಾ ಕೂಸು ಎದ್ದೀತು ಅಂತ ಸೆರಗು ಬಾಯಾಗ ಇಟ್ಕೊಂಡು ನಗತಿದ್ದೆ.

ಒಂದು ಸಲ ಮಾತ್ರ ಅವರು ನಗಲಿಲ್ಲ. “ಅವ್ವ ನಡುಮನ್ಯಾಗ ತೊಟ್ಟಿಲ ಕಟ್ಟಿಟ್ಟಾಳ” ಅಂದ್ರು. “ಖಾಲಿ ತೊಟ್ಟಿಲ ತೂಗಬಾರದಲ್ಲ, ಅದಕ್ಕ ದೂರ ಕುಂತು ನೋಡ್ತಿರ್ತಾಳ.” ಮರುದಿನ ಅದನ್ನ ನಮ್ಮವ್ವಗ ಹೇಳಿದೆ. ಕೂಸಿಗೆ ಎಣ್ಣಿ ಹಚ್ಚಾಕತ್ತಿದ್ದ ಆಕಿ ಕೈ ಒಂದು ಗಳಿಗಿ ನಿಂತು ಮತ್ತ ಸುರು ಆತು. “ಮಾತು ಅಂದ್ರ ಮಾತು” ಅಂದ್ಲು. ನನಗ ಆಕಿ ಮ್ಯಾಲೆ ಕೆಟ್ಟ ಸಿಟ್ಟು ಬಂತು. ಸೊಳ್ಳಿ ಯಾವ ಊರಾಗ ಇಲ್ಲ? ಮಾನ್ವಿಯಾಗ ಕೂಸುಗಳು ಬೆಳೀತಿಲ್ಲೇನು? ಬೀಗತಿ ಮುಂದ ಸೋಲಬಾರದು ಅಂತ ಇಷ್ಟು ಹಟ ಯಾಕಿರಬೇಕು ಅಂತ ಒಳಗ ಕುದಿಯಾಕತ್ತಿದ್ದೆ.

ಶ್ರಾವಣ ಬಂತು. ಕಾಲುವಿಗೆ ನೀರು ಬಿಟ್ಟಾರ, ನಾಟಿ ಜೋರು ನಡದದ ಅಂತ ಸುದ್ದಿ ಬಂತು. ನಾನು, ನಮ್ಮವ್ವ, ಕೂಸು ಮೂವರೂ ಹೊಂಟ್ವಿ. ದೇವದುರ್ಗದಿಂದ ರಾಯಚೂರಿನತನ ಒಂದು ಬಸ್ಸು, ಅಲ್ಲಿಂದ ಮಾನ್ವಿಗೆ ಇನ್ನೊಂದು. ದಾರಿ ತುಂಬ ನಮ್ಮವ್ವ ಕೂಸಿನ್ನ ನನ್ನ ಕೈಗೆ ಕೊಡಲೇ ಇಲ್ಲ. ಕಿಟಕಿ ಕಡಿ ಕುಂತು, ಕಲ್ಲೂರು ದಾಟಿ ಹಸರು ಗದ್ದಿ ಕಾಣಾಕ ಹತ್ತಿದ ಮ್ಯಾಲೆ, ಅವನ್ನ ನೋಡಬಾರದು ಅನ್ನೋರ ಹಂಗ ಮುಖ ಈ ಕಡಿ ತಿರುಗಿಸಿಕೊಂಡ್ಲು.

ಮಾನ್ವಿ ಬಸ್ ಸ್ಟ್ಯಾಂಡಿನಾಗ ನಮ್ಮತ್ತಿ ಹೊಸಾ ಇಲಕಲ್ ಸೀರಿ ಉಟ್ಟು ನಿಂತಿದ್ಲು. ನನ್ನ ನೋಡಲಿಲ್ಲ, ಬೀಗತಿನ್ನ ನೋಡಲಿಲ್ಲ, ಎರಡೂ ಕೈ ಚಾಚಿ ಕೂಸಿನ್ನ ಇಸ್ಕೊಂಡು ಮನಿ ಕಡಿ ನಡದೇ ಬಿಟ್ಟಳು. ಗಂಟು ಹೊತ್ಕೊಂಡು ನಾವಿಬ್ಬರೂ ಆಕಿ ಹಿಂದ ಓಡಬೇಕಾತು.

ಕಾಲು ತೊಳಕೊಂಡ ಮ್ಯಾಲೆ, “ಬರ್ರಿ ಬೀಗತಿ, ಹಿತ್ತಲ ನೋಡ್ರಿ” ಅಂದ್ಲು.

ಖರೇ ಹೇಳ್ತೀನಿ, ಅಂಥಾ ಹಿತ್ತಲ ನಾ ಆಮ್ಯಾಲೆ ಎಲ್ಲೂ ನೋಡಿಲ್ಲ. ಮನಿ ಹಿಂದ ಗ್ವಾಡಿಯಿಂದ ಉಪಕಾಲುವಿತನ ಚೆಂಡುಹೂವು, ಪುದೀನ, ಕಾಮಕಸ್ತೂರಿ, ಮಜ್ಜಿಗಿ ಹುಲ್ಲು. ಗಾಳಿ ಬೀಸಿದ್ರ ಒಂದೊಂದು ಸಲ ಒಂದೊಂದು ವಾಸನಿ. ದಾರ ಹಿಡದು ಹಚ್ಚಿದಂಗ ಸಾಲು, ಸಾಲಿನ ನಡುವ ಬರೋಬ್ಬರಿ ಗೇಣು. ಸುತ್ತ ಬದು ಕಟ್ಟಿ, ಮಡಿ ಮಾಡಿ, ಉಪಕಾಲುವಿಯಿಂದ ಸಣ್ಣ ಹರಿ ತಗದು, ಎಲ್ಲಾ ಮಡಿಯಾಗೂ ಬೆರಳುದ್ದ ನೀರು ನಿಲ್ಲಿಸಿದ್ಲು.

ಹೌದು, ನೀರು. ನಾಟಿಯಾಗ ಕೈ ಪಳಗಿದಾಕಿ, ಚೆಂಡುಹೂವಿನ್ನ ನೆಲ್ಲು ಮಾಡಿ ಇಟ್ಟಿದ್ಲು. ಬೀಗತಿ ಬರೋ ಮುಂದ ಗಿಡ 'ಹಸರ್ ಹಸರ್' ಕಾಣಬೇಕು ಅಂತ ಕಾಲುವಿಗೆ ನೀರು ಬಂದಾಗಿಂದ ಬದುವಿನ ಬಾಯಿ ಮುಚ್ಚಿಯೇ ಇಟ್ಟಿದ್ಲು. ಬಗ್ಗಿ ನೋಡಿದೆ. ನೀರಿನಾಗ ಸಣ್ಣ ಸಣ್ಣ ಹುಳ, ಬಾಲ ಕುಣಿಸಿಕೋತ ಮ್ಯಾಲೆ ಕೆಳಗ ಆಡಾಕತ್ತಿದ್ವು. ಸಾಲಿಯಾಗ ಪುಸ್ತಕದಾಗ ನೋಡಿದ ಚಿತ್ರ, ಒಂದು ಗೆರಿನೂ ತಪ್ಪಿಲ್ಲ. ಸೊಳ್ಳಿ ಓಡಿಸೋ ಹಿತ್ತಲದಾಗ ಊರಿಗೆಲ್ಲಾ ಸಾಕಾಗೋಷ್ಟು ಸೊಳ್ಳಿಮರಿ.

ಸಾಲಿ ಬಿಟ್ಟು ಬಂದು ಬಾಜೂಕ ನಿಂತಿದ್ದ ನಮ್ಮ ಮನಿಯವರ ಕಡಿ ನೋಡಿದೆ. ಸಾಲಿಯಾಗ ಹುಡುಗರಿಗೆ ಇದೇ ಪಾಠ ಹೇಳೋ ಮನುಷ್ಯ, ಬೋರ್ಡಿನ ಮ್ಯಾಲೆ ಇದೇ ಚಿತ್ರ ಬರಿಯೋ ಮನುಷ್ಯ, ತನ್ನ ಹಿತ್ತಲದಾಗ ಇವನ್ನ ನೋಡಿಲ್ಲ. ಈಗ ನೋಡಿದ್ರು. ಮುಖ ಬಾಡಿದ ಪುದೀನ ಆತು. “ನೀನ ಹೇಳು” ಅಂತ ಕಣ್ಣಾಗ ಸನ್ನಿ ಮಾಡಿದ್ರು. ನಾ ಯಾಕ ಹೇಳಲಿ? ಬೀಗತಿ ಮುಂದ ಎದಿ ಸೆಟಿಸಿ ನಿಂತಾಕಿಗೆ ಹೆಂಗ ಹೇಳಲಿ?

“ಈ ನೀರು ಯಾಕ ನಿಲ್ಲಿಸೀರಿ?” ಅಂದ್ಲು ನಮ್ಮವ್ವ.

“ನೀರಿಲ್ದ ಬೇರು ಹತ್ತತಾವೇನ್ರಿ? ಜ್ವಾಳ ಬೆಳೆಯೋ ಊರಿನವರಿಗೆ ನೀರಿನ ಹಕೀಕತ್ತು ಹೆಂಗ ತಿಳೀಬೇಕು ಬಿಡ್ರಿ” ಅಂದು ನಮ್ಮತ್ತಿ ನಕ್ಕಳು. ನಮ್ಮವ್ವ ಬದುವಿನ ಮ್ಯಾಲೆ ಕುಂತು ನೀರಿನ ಕಡಿ ಭಾಳ ಹೊತ್ತು ನೋಡಿದ್ಲು. ಆಕಿಗೂ ಆ ಹುಳ ಕಂಡಿದ್ವು, ನನಗ ಗೊತ್ತಾತು. ಗೆದ್ದಾಕಿ ಸುಮ್ಮನ ಕುಂತದ್ದು ನೋಡಿ ನನಗ ಇನ್ನೂ ಹೆದರಿಕಿ ಆತು.

ಹೊತ್ತು ಮುಳಗಿತು. ದೀಪ ಹಚ್ಚಿ, ಅಂಗಳದಾಗ ಚಾಪಿ ಹಾಸಿ ಎಲ್ಲಾರೂ ಕುಂತ್ವಿ. ಕೂಸು ನಮ್ಮತ್ತಿ ತೊಡಿ ಮ್ಯಾಲೆ. ಮೊದಲ ಹರದಿಟ್ಟ ಲಕ್ಕಿ ಎಲಿ, ಬೇವಿನ ಎಲಿ ಕೆಂಡದ ಮ್ಯಾಲೆ ಹಾಕಿ ಹೊಗಿ ಎಬ್ಬಿಸಿದ್ರು ನಮ್ಮ ಮನಿಯವರು. ಸೊಳ್ಳಿ ಮೂಡಗಡಿಯಿಂದ ಬರಲಿಲ್ಲ, ಪಡುವಗಡಿಯಿಂದ ಬರಲಿಲ್ಲ, ನಮ್ಮ ಹಿತ್ತಲದಿಂದಾನ ಎದ್ದು ಬಂದ್ವು. ಹೊಗಿ ಇದ್ದ ಕಡಿ ಬಿಟ್ಟು, ಹೊಗಿ ಇಲ್ಲದ ಕಡಿ ಹಾದು ಬಂದ್ವು.

ನಮ್ಮತ್ತಿ ಕೈ ಸುಮ್ಮನ ಇರಲಿಲ್ಲ. ಕೂಸಿನ ಹತ್ತರ ಒಂದು ಸೊಳ್ಳಿ ಬಂದ್ರ ಎರಡೂ ಕೈಲೆ ಪಟ್ ಅಂತ ಹೊಡದು, ನಮ್ಮವ್ವಗ ಗೊತ್ತಾಗಬಾರದು ಅಂತ, “ಚಪ್ಪಾಳಿ ತಟ್ಟು ನನ್ನ ಬಂಗಾರಿ, ಚಪ್ಪಾಳಿ” ಅಂತಿದ್ಲು. ಕೂಸು ಕಿಲಕಿಲ ನಗತಿತ್ತು. ಮತ್ತೊಂದು ಬಂತು, ಮತ್ತೊಂದು ಚಪ್ಪಾಳಿ. ಬರಬರ್ತ ಅಂಗಳದಾಗ ಭಜನಿ ನಡದಂಗ ಆತು. ನಾ ನೋಡ್ತೀನಿ, ನಮ್ಮವ್ವನೂ ಈ ಕಡಿ ಕುಂತು ಚಪ್ಪಾಳಿ ತಟ್ಟಾಕತ್ತಿದ್ಲು. ಆಕಿ ತಟ್ಟಿದ ಒಂದೊಂದು ಚಪ್ಪಾಳಿಗೂ ಒಂದೊಂದು ಸೊಳ್ಳಿ ಬೀಳ್ತಿತ್ತು. ಕೂಸಿನ ಮುಖದ ಮ್ಯಾಲೆ ಕಣ್ಣಿಟ್ಟು, ಉಸರು ಬಿಗಿ ಹಿಡದು ತಟ್ಟಾಕತ್ತಿದ್ಲು. ಬೀಗತಿನ್ನ ಸೋಲಸಾಕ ಬಂದಾಕಿ ಹಿಂಗ್ಯಾಕ ಮಾಡಾಕತ್ತಾಳ ಅಂತ ನನಗ ತಿಳೀಲಿಲ್ಲ.

ಅಷ್ಟೊತ್ತಿಗೆ ಕೂಸು ಅತ್ತಿತು.

ನಮ್ಮತ್ತಿ ಅದನ್ನ ದೀಪದ ಕಡಿ ತಿರುಗಿಸಿ ನೋಡಿದ್ಲು. ಹಣಿ ಮ್ಯಾಲೆ, ಕಾಡಿಗಿ ಬೊಟ್ಟಿನ ಬಾಜೂಕ ಕೆಂಪಗ ಒಂದು ಗುಳ್ಳಿ. ನಮ್ಮವ್ವ ಕುಂತ ಕಡಿಗೆ ಅದು ಕಾಣತಿರಲಿಲ್ಲ. ಕುಂಚಿಗಿ ಕೆಳಗ ಎಳದಿದ್ರ ಯಾರಿಗೂ ಕಾಣತಿರಲಿಲ್ಲ. ನಮ್ಮತ್ತಿ ಕೈ ಕುಂಚಿಗಿ ಮ್ಯಾಲೆ ಹೋತು, ಅಲ್ಲೇ ನಿಂತಿತು.

“ಕಡೀತು ಬೀಗತಿ” ಅಂದ್ಲು. ಕಾಲುವಿ ಆಚಿಗೆ ಕೇಳಸ್ತಿದ್ದ ದನಿ, ಹತ್ತರ ಕುಂತ ನನಗ ಕೇಳಸ್ಲಿಲ್ಲ ಅನ್ನೋಷ್ಟು ಸಣ್ಣದಾಗಿತ್ತು.

ನಮ್ಮವ್ವ ಕೂಸಿನ್ನ ಇಸ್ಕೊಳ್ಳಾಕ ಕೈ ಚಾಚಲಿಲ್ಲ. ಆ ಗುಳ್ಳಿ ನೋಡಕೋತ ಮಾತು ಸುರು ಮಾಡಿದ್ಲು.

“ಈ ಕಾಲುವಿ ಹೊಸದಾಗಿ ಬಂದಾಗ ನಾನೂ ಈ ಕಡಿ ನಾಟಿಗೆ ಬಂದಿದ್ದೆ ಬೀಗತಿ. ಕೂಲಿಗೆ. ಚೊಚ್ಚಲ ಕೂಸು ನಂದು, ಗಂಡು. ಬದುವಿನ ಮ್ಯಾಲೆ ಜಾಲಿ ಗಿಡಕ್ಕ ಜೋಳಿಗಿ ಕಟ್ಟಿ ಮಲಗಿಸ್ತಿದ್ದೆ. ನಾಟಿ ಹಚ್ಚೋರು ಹಿಂದಕ್ಕ ಹಿಂದಕ್ಕ ಹೋಗ್ತೀವಲ್ಲ, ನಿಮಗೇನು ಹೇಳೋದು. ಕಣ್ಣ ಮುಂದನ ಜೋಳಿಗಿ ದೂರ ದೂರ ಆಗತಿತ್ತು. ಅತ್ತರೂ ಸಾಲು ಮುಗಿಸದ ಹೋಗಾಕ ಬಿಡತಿರಲಿಲ್ಲ. ಹೋಗಿ ನೋಡಿದ್ರ ಮುಖದ ತುಂಬ ಹಿಂಗ ಗುಳ್ಳಿ. ಚಳಿಜ್ವರ ಬಂತು. ಬಂಡ್ಯಾಗ ಹಾಕ್ಕೊಂಡು ರಾಯಚೂರು ದವಾಖಾನಿಗೆ ಹೊಂಟ್ವಿ. ಕಲ್ಲೂರು ಮುಟ್ಟೋದ್ರೊಳಗ ತಣ್ಣಗಾಗಿತ್ತು.”

ನನಗಿಂತ ಮೊದಲ ಒಂದು ಕೂಸು ಹೋಗ್ಯಾದ ಅಂತ ನನಗ ಗೊತ್ತಿತ್ತು. ಎಲ್ಲಿ ಹೋತು, ಹೆಂಗ ಹೋತು, ಆಕಿ ಯಾವತ್ತೂ ಹೇಳಿರಲಿಲ್ಲ. ನಾ ಮದುವಿ ಆಗಿ ಮಾನ್ವಿಗೆ ಹೊಂಟಾಗ ಆಕಿ ಮೂರು ದಿನ ಮಾತು ಬಿಟ್ಟಿದ್ದು ಮಗಳು ದೂರ ಹೋಗ್ತಾಳ ಅಂತ ಅಂದ್ಕೊಂಡಿದ್ದೆ.

ನಮ್ಮತ್ತಿ ಬಾಯಿ ಮ್ಯಾಲೆ ಸೆರಗು ಒತ್ತಿಕೊಂಡು ಕುಂತಿದ್ಲು. ನಮ್ಮವ್ವ ಆಕಿ ಮೊಣಕಾಲಿನ ಮ್ಯಾಲೆ ಕೈ ಇಟ್ಟಳು. “ನಿಮ್ಮ ಗಿಡದ್ದು ತಪ್ಪಿಲ್ಲ ಬೀಗತಿ. ಚಲೋ ಗಿಡ. ಸೊಳ್ಳಿ ಆ ನಿಂತ ನೀರಿನಾಗ ಹುಟ್ಟಿದ್ವು, ಬದು ಒಡದು ಬಿಡ್ರಿ” ಅಂದ್ಲು. ಆಮ್ಯಾಲೆ ಸ್ವಲ್ಪ ತಡದು, “ನೀವು ಹಚ್ಚಿದ್ದು ಹೂವೋ, ನೆಲ್ಲೋ ಅಂತ ನನಗ ತಿಳೀಲಿಲ್ಲ ನೋಡ್ರಿ” ಅಂತ ನಗಸಾಕ ನೋಡಿದ್ಲು. ನಮ್ಮತ್ತಿಗೆ ನಗಿ ಬರಲಿಲ್ಲ.

ಮುಂಜಾನಿ ನಾ ಏಳೋದ್ರೊಳಗ ಆಕಿ ಗುದ್ದಲಿ ತಗೊಂಡು ಎಲ್ಲಾ ಬದು ಒಡದಿದ್ಲು. ನೀರು ಹರದು ಹೋಗಿ ಗಿಡ ಕೆಸರಿನಾಗ ವಾಲಿದ್ವು. ಕೈ ತೊಳಕೊಂಡು ಬಂದು, ಕೂಸಿಗೆ ನೀರು ಎರದು, ಕಾಡಿಗಿ ಹಚ್ಚಿ, ದೃಷ್ಟಿ ತಗದು, “ಕಾಲುವಿ ಬಂದ್ ಆಗೋತನ ನಿಮ್ಮ ಕಡಿನ ಇರ್ಲಿ ಬೀಗತಿ. ಸುಗ್ಗಿ ಆದ ಮ್ಯಾಲೆ ಕಳಸ್ರಿ. ನಾ ಏನೂ ಅನ್ನಂಗಿಲ್ಲ” ಅಂದ್ಲು. ಅಂದಾಕಿ ಬಸ್ ಸ್ಟ್ಯಾಂಡಿನತನ ಕೂಸಿನ್ನ ತಾನ ಎತ್ತಿಕೊಂಡು ಬಂದ್ಲು. ನಮ್ಮ ಮನಿಯವರು ಗಂಟು ಹೊತ್ಕೊಂಡು ಹಿಂದ ಬಂದ್ರು. ಅವತ್ತು ದಾರಿಯಾಗ ಆಕಿ ಓಡಲಿಲ್ಲ, ಎಷ್ಟು ಸಾಧ್ಯನೋ ಅಷ್ಟು ನಿಧಾನ ನಡದ್ಲು.

ನಾನು ನಮ್ಮವ್ವ ಬಸ್ಸು ಹತ್ತಿದ್ವಿ. ಆಕಿ ಕೆಳಗ ನಿಂತು ಕಿಟಕಿಯಾಗಿಂದ ಕೂಸಿನ್ನ ಕೊಡಾಕ ಮ್ಯಾಲೆತ್ತಿದ್ಲು. ನಮ್ಮವ್ವ ಇಸ್ಕೊಳ್ಳಲಿಲ್ಲ.

“ನೀವ ಎತ್ತಿಕೊಂಡು ಹತ್ತ್ರಿ” ಅಂದ್ಲು.

“ನಾನೆಲ್ಲಿಗ್ರಿ?”

“ದೇವದುರ್ಗಕ್ಕ. ಸುಗ್ಗಿತನ ನಮ್ಮನ್ಯಾಗ ಇರ್ರಿ.”

“ಅಯ್ಯ ಶಿವನ! ಬೀಗರ ಮನ್ಯಾಗ ತಿಂಗಳಗಟ್ಟಲೆ ಕುಂತು ಉಣ್ಣೋದೇನ್ರಿ? ಜನ ಏನಂತಾರ?”

“ಜನಕ್ಕ ಸೊಳ್ಳಿ ಕಡೀಲಿ” ಅಂದ್ಲು ನಮ್ಮವ್ವ.

ಕಂಡಕ್ಟರ್ ಸೀಟಿ ಊದಿದ. ನಮ್ಮತ್ತಿ ಹಿಂದಕ್ಕೂ ಮುಂದಕ್ಕೂ ನೋಡಿದ್ಲು. “ನಾಟಿ ನಡದದ. ಗುಂಪು ನನ್ನ ನಂಬಿ ಅದ” ಅಂದ್ಲು.

“ನಾಟಿ ಮುಂದಿನ ವರ್ಷಾನೂ ಬರ್ತದ. ಕೂಸು ಮುಂದಿನ ವರ್ಷ ಹಿಂಗ ಇರಂಗಿಲ್ಲ. ಜೋಳಿಗಿ ದೂರ ಆಗೋದು ನಾ ನೋಡೀನಿ. ಹತ್ತ್ರಿ.”

“ಹತ್ತವಾ, ಮನಿ ನಾ ನೋಡ್ಕೋತೀನಿ” ಅಂದ್ರು ನಮ್ಮ ಮನಿಯವರು. “ನೀ ಹಿತ್ತಲ ನೋಡ್ಕೊಂಡದ್ದು ಗೊತ್ತದ ತಗಿ” ಅಂತ ಮಗನಿಗೆ ಒಂದು ಮಾತು ಕೊಟ್ಟು, ಉಟ್ಟ ಸೀರಿ ಮ್ಯಾಲೆನ ನಮ್ಮತ್ತಿ ಬಸ್ಸು ಹತ್ತಿದ್ಲು. ಕಂಡಕ್ಟರ್, “ನಿಮ್ಮ ಮಾತುಕತಿ ಮುಗೀತೇನ್ರಿ, ನಾ ಬಸ್ಸು ಬಿಡಲೋ?” ಅಂದ. ಇಬ್ಬರೂ ಕೂಡೇ ಅವನ ಮ್ಯಾಲೆ ಹರಿಹಾಯ್ದರು.

ಮೂರು ಮಂದಿ ಕುಂಡ್ರೋ ಸೀಟಿನಾಗ ನಮ್ಮವ್ವ ಕಿಟಕಿ ಕಡಿ, ನಡುವ ನಮ್ಮತ್ತಿ, ಈ ತುದಿಗೆ ನಾನು. ಕೂಸು ನಮ್ಮತ್ತಿ ತೊಡಿ ಮ್ಯಾಲೆ ನಿದ್ದಿ ಹೋತು. ಗದ್ದ್ಯಾಗ ಹೆಂಗಸರು ಬಗ್ಗಿ ನಾಟಿ ಹಚ್ಚಾಕತ್ತಿದ್ರು. ಇಬ್ಬರೂ ಅವರನ್ನ ನೋಡಲಿಲ್ಲ, ಕೂಸಿನ್ನ ನೋಡಕೋತ ಕುಂತಿದ್ರು. ಬಸ್ಸು ಕಲ್ಲೂರಿನಾಗ ನಿಂತಿತು. ಮಂದಿ ಇಳಿದ್ರು, ಹತ್ತಿದ್ರು.

“ಆ ಹುಡುಗಗ ಏನು ಹೆಸರಿಟ್ಟಿದ್ರಿ?” ಅಂತ ಕೇಳಿದ್ಲು ನಮ್ಮತ್ತಿ.

ನಮ್ಮವ್ವ ಕಿಟಕಿ ಹೊರಗ ನೋಡಿದ್ಲು. ಬಸ್ಸು ಮತ್ತ ಹೊಂಟ ಮ್ಯಾಲೆ ಹೆಸರು ಹೇಳಿದ್ಲು. ನಮ್ಮತ್ತಿ ಅದನ್ನ ಒಂದು ಸಲ ತನ್ನ ಬಾಯಿಲೆ ಅಂದು, “ಚಲೋ ಹೆಸರು” ಅಂದ್ಲು. ನನಗೊಬ್ಬ ಅಣ್ಣ ಇದ್ದ ಅಂತ ಗೊತ್ತಿತ್ತು, ಅವನಿಗೊಂದು ಹೆಸರಿತ್ತು ಅಂತ ಅವತ್ತು ಗೊತ್ತಾತು.